ವಾಲ್ಮನ್ ಮುನಿಯಲ್ಲಪ್ಪ ಹೇಳಿದ ಚರಿತ್ರೆ

ಬಡಾವಣೆಗೆ ಐವತ್ತು ತುಂಬ್ತಂತೆ,
ಸ್ಮರಣ ಸಂಚಿಕೆಗೆ ಚರಿತ್ರೆ ಬೇಕಂತೆ.
ಬರ್ಕೊಳ್ಳಿ ಸ್ವಾಮಿ. ನಂಗೆ ಇಸವಿ ಗೊತ್ತಿಲ್ಲ,
ಪೈಪಿನ ಅಳತೆ ಗೊತ್ತು.

ಮೊದಲು ಅರ್ಧ ಇಂಚು.
ನೀಲಗಿರಿ ತೋಪು ಕಡಿದು ಕಲ್ಲು ನೆಟ್ಟಿದ್ರು,
ಕಲ್ಲಿನ ಮೇಲೆ ಕೆಂಪು ನಂಬರು,
ನಂಬರಿನ ಮೇಲೆ ಓತಿಕ್ಯಾತ.
ಫ್ಯಾಕ್ಟ್ರಿ ಫಿಟ್ಟರ್ ದೇವಸಹಾಯಂ ಮನೆಯೊಂದೇ;
ರಾತ್ರಿ ಅವರ ಲಾಟೀನು ನೋಡಿ
ದಾರಿ ತಪ್ಪಿದ ಎಮ್ಮೆಗಳು ಬಂದು ನಿಂತ್ಕೊಳ್ಳೋವು.

ಆಮೇಲೆ ಒಂದೂವರೆ.
ಹಿಟ್ಟಿನ ಗಿರಣಿ ಬಂತು, ರೇಷನ್ ಅಂಗಡಿ ಬಂತು.
ಬೆಂಗಳೂರಿಗೆ ಅವಾಗ ಎಂಟಾಣೆ ದೂರ;
ಬಸ್ಸೂ ಬಂತು, ಹನ್ನೊಂದು ದಿನ ಓಡಿ ನಿಂತೋಯ್ತು.
ಎರಡನೇ ಕ್ರಾಸಿನ ನಸೀಮಾಬಿ ಟೀಚರು
ಜಗಲಿ ಮೇಲೆ ಇಸ್ಕೂಲು ತೆಗೆದ್ರು:
ಒಂದು ಬೆಂಚು, ಏಳು ಮಕ್ಕಳು,
ಅದರಲ್ಲೊಬ್ಬಳು ನನ್ನ ಮಗಳು.

ನಾಲ್ಕಿಂಚಾದಾಗ ಕಾವೇರಿ ಬಂದ್ಳು.
ರಾತ್ರಿ ಮೂರು ಗಂಟೆ. ಕೀಲಿ ತಿರುಗಿಸಿದೆ.
ಮೊದಲು ಗಾಳಿ ಕೆಮ್ಮಿತು, ಆಮೇಲೆ ಕೆಂಪು ನೀರು,
ಆಮೇಲೆ ನೀರು.
ಬೀದಿಗೆ ಬೀದಿಯೇ ಬಿಂದಿಗೆ ಹಿಡಿದು ನಗಾಡ್ತು.
ಅದನ್ನ ದಪ್ಪಕ್ಷರದಲ್ಲಿ ಹಾಕಿ.

ಈಗ ಹದಿನಾಲ್ಕು ಅಂತಸ್ತು.
ನೀರು ತಾನೇ ಮೇಲಕ್ಕೆ ಹೋಗ್ತೈತೆ.
ಕೀಲಿ ಮನೇಲಿ, ಬಾಗಿಲು ಬಡ್ಕೊಳ್ಳದಂಗೆ ಒತ್ತಿಟ್ಟಿದೀನಿ.

ಇನ್ನೊಂದು, ಬರೆಯೋದು ಬಿಡೋದು ನಿಮ್ಮಿಷ್ಟ:
ಪಾರ್ಕಿನ ಜಾರುಬಂಡೆ ಕೆಳಗೆ
ನಮ್ಮಪ್ಪ ತೋಡಿದ ಬಾವಿ ಐತೆ.
ಮುಚ್ಚೋಕೆ ಮೂವತ್ತು ಲೋಡು ಮಣ್ಣು ಹಾಕಿದ್ರು.
ಈಗಲೂ ಪ್ರತಿ ಮಳೆಗಾಲ ಕುಸಿದು
ಇನ್ನೊಂದು ಮಂಕರಿ ಕೇಳ್ತೈತೆ.
ನಾನೇ ಹೋಗಿ ಹಾಕಿ ಬರ್ತೀನಿ.