ನಾಯಿಯ ಹೆಜ್ಜೆ ಇರುವ ಹೆಂಚು

ಬೋಳಾರದಲ್ಲಿ ಹೊಗೆಕೊಳವೆಯನ್ನು ಮಾತ್ರ ಕೆಡವಲಿಲ್ಲ.
ಅದರ ಬುಡದಲ್ಲೀಗ ಕಾರುಗಳು ನಿಲ್ಲುತ್ತವೆ.
ಹಸಿ ಹೆಂಚು ಒಣಗುತ್ತಿದ್ದ ಉದ್ದನೆಯ ಶೆಡ್ಡಿಗೆ
ಗಾಜು ಹಾಕಿ, ಏಸಿ ಹಾಕಿ
ನಮ್ಮನ್ನು ಕೂರಿಸಿದ್ದಾರೆ,
ನೂರಾ ನಲ್ವತ್ತು ಮಂದಿ, ಮೂರು ಪಾಳಿ.

ಕೆಲಸ ಎಂತದ್ದು ಎಂದರೆ
ಒಂದು ಸ್ಟಾಪಿನಿಂದ ಇನ್ನೊಂದು ಸ್ಟಾಪಿಗೆ ಹೇಳಿ ಮುಗಿಯುವಷ್ಟೇ:
ಪರದೆಯ ಮೇಲೆ ಚಿತ್ರ ಬರುತ್ತದೆ.
ಇದು ಲಾರಿ, ಇದು ಕಂಬ, ಇದು ಮಗು ಎಂದು
ಸುತ್ತ ಒಂದು ಚೌಕ ಎಳೆಯುವುದು.
ಯಾವುದೋ ದೇಶದ ಯಾವುದೋ ಕಾರಿಗೆ
ಕಣ್ಣು ಬರಬೇಕಂತೆ.
ಕೊಡುವವರು ನಾವು, ಚೌಕಕ್ಕೆ ಹನ್ನೆರಡು ಪೈಸೆ.

ಅಮ್ಮ ಇದನ್ನು ಕೇಳಿ ಬೀಡಿಯ ತಡ್ಪೆ ಕೆಳಗಿಡಲಿಲ್ಲ.
"ಸಾವಿರಕ್ಕೆ ಎಷ್ಟಾಯ್ತು?" ಎಂದಳು.
ಹೇಳಿದೆ.
"ಸರಿಯಿಲ್ಲದ್ದನ್ನು ವಾಪಸು ಎಸೆಯುತ್ತಾರಾ?"
ಎಸೆಯುತ್ತಾರೆ.
"ಅದಕ್ಕೆ ಹೋದ ಎಲೆ ಯಾರ ಲೆಕ್ಕ?"
ಎಲೆ ಇಲ್ಲಮ್ಮ, ಹೊತ್ತು ಉಂಟು. ಅದು ನಮ್ಮ ಲೆಕ್ಕ.
"ಹಾಗಾದರೆ ನನಗೆ ಗೊತ್ತಿರುವ ಕೆಲಸವೇ"
ಎಂದು ಹಲ್ಲಿನಲ್ಲಿ ನೂಲು ಕಡಿದಳು.

ಒಂದೇ ಅಲ್ಲ ಅಮ್ಮ.
ನನಗೆ ಬೆನ್ನು ತಾಗಲು ಕುರ್ಚಿ ಉಂಟು,
ಕೆಮ್ಮಿಲ್ಲ, ಉಗುರಿಗೆ ತಗಡಿನ ಟೋಪಿ ಬೇಡ.
ನಾಲ್ಕನೇ ತಾರೀಕು ಫೋನು ಒಮ್ಮೆ ನಡುಗಿದರೆ
ಸಂಬಳ ಬಂತು ಎಂದು, ಬ್ರಾಂಚಿನ ಎದುರು ಸಾಲಿಲ್ಲ.
ಬೆಂಗ್ರೆಯಿಂದ ಫೆರಿ ಹತ್ತಿ ಬರುವ ರೈಹಾನಾ
ಅಣ್ಣನ ಬೋಟಿನ ಇಂಜಿನು ಸಾಲ ತೀರಿಸಿದ್ದು
ಇಂಥ ಚೌಕಗಳಿಂದಲೇ.
ಕಡಲಿನ ಚಿತ್ರ ಬಂದರೆ ಅವಳೇ ಬೇಕು:
ಇದು ಟ್ರಾಲು, ಇದು ಪರ್ಸೀನು,
ಇದು ಪಾಪ, ಬಲೆ ಹರಿದು ಖಾಲಿ ಬರುವುದು.
ಯಂತ್ರಕ್ಕೆ "ದೋಣಿ" ಎಂದರೆ ಸಾಕು.
ಅವಳಿಗೆ ಸಾಲದು.

ಮೊನ್ನೆ ಕೋಟು ಹಾಕಿದವರೊಬ್ಬರು ಬಂದು
ಗೋಡೆಗೆ ಬೆಳಕು ಬಿಟ್ಟು ಕಂಬಗಳನ್ನು ತೋರಿಸಿದರು.
ಎಲ್ಲಕ್ಕಿಂತ ಎತ್ತರದ ಹಸಿರು ಕಂಬ ನಮ್ಮ ಊರಂತೆ.
"ಇಲ್ಲಿ ಜಾಗ ಅಗ್ಗ, ಜನ ಕೆಲಸ ಬಿಟ್ಟು ಹೋಗುವುದಿಲ್ಲ" ಎಂದರು.
ಎರಡೂ ಹೊಗಳಿಕೆಯೇ ಎಂದುಕೊಂಡು
ಚಪ್ಪಾಳೆ ತಟ್ಟಿದೆವು.
ಜಾಗ ಯಾರಿಗೆ ಅಗ್ಗವೋ ಗೊತ್ತಿಲ್ಲ ಮಾರಾಯ್ರೆ,
ನಮ್ಮ ಓಣಿಯಲ್ಲಿ ಸಂಬಳ ಏರುವ ಮೊದಲೇ
ಬಾಡಿಗೆಗೆ ಅದು ಗೊತ್ತಾಗಿರುತ್ತದೆ.

ಮೆಟ್ಟಿಲಿನ ಮೇಲ್ಗಡೆ, ಚಂದಕ್ಕೆಂದು,
ಹಳೇ ಮಾಡನ್ನು ಹತ್ತು ಸಾಲು ಹಾಗೆಯೇ ಬಿಟ್ಟಿದ್ದಾರೆ.
ಅದರಲ್ಲೊಂದು ಹೆಂಚಿನ ಒಳಮೈಯಲ್ಲಿ
ನಾಯಿಯ ಪಾದ, ನಾಲ್ಕು ಬೆರಳು ಸ್ಪಷ್ಟ.
ಸೆಕ್ಯೂರಿಟಿ ಐತಪ್ಪಣ್ಣ ತೋರಿಸಿದ್ದು.
ಹುಡುಗನಾಗಿದ್ದಾಗ ಅವನು ಇಲ್ಲೇ
ಹಸಿ ಹೆಂಚು ಹೊರುತ್ತಿದ್ದನಂತೆ.
"ಕೆಂಚು ಹೆಣ್ಣುನಾಯಿ. ಆವಿಗೆಯ ಬಿಸಿಗೆ ಬಂದು ಮಲಗುತ್ತಿತ್ತು.
ತುಳಿದ ಹೆಂಚು ಎರಡನೇ ದರ್ಜೆ, ಹಡಗಿಗೆ ಹೋಗುವಂತಿಲ್ಲ.
ಹಾಗಾಗಿ ಶೆಡ್ಡಿಗೇ ಹೊದೆಸಿದರು."
ಒಳ್ಳೆಯವೆಲ್ಲ ಎಲ್ಲಿಗೆ ಹೋದವು?
"ಅದು ನಮಗೆ ಯಾರು ಹೇಳುತ್ತಾರೆ!"

ನಿನ್ನೆ ರಾತ್ರಿ ಒಂದು ಚಿತ್ರ ಬಂತು.
ಹಿಮ. ನರಪಿಳ್ಳೆ ಇಲ್ಲ.
ಬೇಲಿಯ ಕಡೆಯಿಂದ ರಸ್ತೆಯವರೆಗೆ
ಸಣ್ಣ ಹೆಜ್ಜೆಗಳ ಸಾಲು, ಅಲ್ಲಿಗೆ ಚಿತ್ರ ಮುಗಿದಿದೆ.
ಕಂಡದ್ದಕ್ಕೆ ಮಾತ್ರ ಚೌಕ, ಇದು ನಿಯಮ.
ನಾನು ಹೆಜ್ಜೆಗಳ ಸುತ್ತ ಎಳೆದು
"ನಾಯಿ" ಎಂದು ಬರೆದೆ.

ಮೇಲಿನಿಂದ ಕೆಂಪಾಗಿ ವಾಪಸು ಬಂತು.
ಆಲ್ವಿನ್ ಎದ್ದು ಬಂದು ನೋಡಿದ.
"ಎಲ್ಲಿ ನಾಯಿ?"
ಹೋಗಿದೆ ಎಂದೆ. ಈಗಷ್ಟೇ.
"ಇಲ್ಲದ್ದನ್ನು ಕಲಿಸಿದರೆ ಕಾರು ಹೆದರುತ್ತದೆ."
ಹೆದರಲಿ.
ಬ್ರೇಕು ಹಿಡಿಯಬೇಕಾದ್ದು ಅಲ್ಲಿಯೇ ಅಲ್ವಾ?
ಅವನು ನಕ್ಕ. ಕೆಟ್ಟವನಲ್ಲ.
ಹನ್ನೆರಡು ಪೈಸೆ ಕಳೆದ.

ಪಾಳಿ ಮುಗಿಯುವಾಗ ಎರಡು ಗಂಟೆ.
ಹೊಗೆಕೊಳವೆ ದಾಟಿ, ಹೊಳೆಯ ಕಡೆಗೆ ರಸ್ತೆ ತಿರುಗುವಲ್ಲಿ
ಸ್ಕೂಟಿ ನಿಧಾನ ಮಾಡಿದೆ.
ಎದುರಿಗೆ ಏನೂ ಇರಲಿಲ್ಲ.