ಹೆಬ್ಬೆಟ್ಟು ಕೂಡೂ ಜಾಗ

ಹನ್ನೊಂದು ಬ್ರಶ್ ಇದ್ದವು ಟ್ರಂಕಿನಾಗ,
ಹಳೇ ಟವೆಲ್ಲಿನಾಗ ಸುತ್ತಿ, ಜೋಡಿಗೆ ಪಟಿಕದ ಒಂದು ಹಳ್ಳು.
ನಾಕು ಬೋಳಾಗಿದ್ದವು.
ಉಳಿದವು ನಮ್ಮ ಕಾಕಾನ ಹುಬ್ಬಿನಂಗ ಕೆದರಿದ್ದವು.

ಶಹಾಪುರದ ಗಲ್ಲಿಯೊಳಗ ಅಜ್ಜ ಸಿದರಾಯಪ್ಪನ ಅಂಗಡಿ.
ಎರಡು ಕುರ್ಚಿ, ಒಂದು ಕನ್ನಡಿ,
ಕಾಯಂ ಗಿರಾಕಿಗೆ ಅವರವರದೇ ಬ್ರಶ್ಶು.
ಒಬ್ಬರದು ಇನ್ನೊಬ್ಬರಿಗೆ ಹಚ್ಚಿದರ ಜಗಳಾ.
ಅದಕ್ಕ, ಭಾಂಡೆ ಅಂಗಡಿ ಮುಂದ ಕೂತು
ತಾಟು ತಂಬಿಗಿ ಮ್ಯಾಲೆ ಹೆಸರು ಕೊರಿಯಾಂವ
ಹಿಡಿಕಿ ಮ್ಯಾಲೂ ಕೊರದು ಕೊಟ್ಟಾನ.
ಅಕ್ಷರಕ್ಕ ಒಂದಾಣೆ;
ಹಿಂಗಾಗಿ ಮಲ್ಲಸರ್ಜಪ್ಪ ಬರೇ 'ಮಲ್ಲ' ಆಗ್ಯಾನ.
ಕೆಲವು ಕನ್ನಡ, ಕೆಲವು ಮರಾಠಿ, ಒಂದು ಇಂಗ್ಲೀಷು,
ಕ್ಯಾಂಪಿನ ಹವಾಲ್ದಾರಂದು,
ಅದರಾಗ ಒಂದಕ್ಷರ ತಲಿಕೆಳಗ.

ನಾನು ಟಿಳಕವಾಡ್ಯಾಗ ಪಾರ್ಲರ್ ನಡಸಾಕಿ.
ನನ್ನ ಹಂತೇಲಿ ಏನೈತಿ? ನೇಲ್ ಪಾಲಿಶ್ ಐತಿ.
ಮಂಗಳವಾರ ರಜಾ. ಊಟ ಆದಮ್ಯಾಲೆ ಕೂತೆ.

ಮೊದಲ ಹಳೇ ಸಬಕಾರ ತಗೀಬೇಕು.
ಅರವತ್ತು ವರ್ಷದ ನೊರೆ ಒಣಗಿ ಕಲ್ಲಾಗಿ
'ಳ'ದ ಸುರುಳ್ಯಾಗ, ಒತ್ತಕ್ಷರದ ಸಂದ್ಯಾಗ ಕೂತಿತ್ತು.
ಉಗುರುಬೆಚ್ಚಗಿನ ನೀರು, ಹಲ್ಲುಕಡ್ಡಿ, ತಾಳ್ಮಿ.
ಆಮ್ಯಾಲೆ ಬಣ್ಣ ಸುರೀಬೇಕು, ಅಂಚು ನೋಡಬಾರದು,
ಹೆಸರು ಪೂರ್ತಿ ಮುಳುಗೂ ಹಂಗ.
ಅರ್ಧ ಆರಿದ ಕೂಡಲೆ ಅರಿವಿ ಬೆರಳಿಗೆ ಬಿಗದು
ಅಡ್ಡ ಒರಸಬೇಕು, ಒಂದ ಸಲ.
ಮ್ಯಾಲಿಂದು ಹೋಗತೈತಿ.
ತಗ್ಗಿನಾಗಿಂದು ನಿಲ್ಲತೈತಿ.

ಮೊದಲನೇದು ಕೆಡಿಸಿದೆ. ರಿಮೂವರ್ ಹಚ್ಚಿದೆ ನೋಡ್ರಿ,
ಹಿಡಿಕಿ ಕರಗಿ ಬೆಲ್ಲದ ಪಾಕದಂಗ ಬೆರಳಿಗೆ ಅಂಟಿತು.
ಯಾರ ಹೆಸರಿತ್ತೋ,
ಈಗ ಅಲ್ಲಿ ನನ್ನ ಬೆರಳಿನ ಗೆರಿ ಅದಾವು.

ಎರಡನೇದು ಚಂದ ಬಂತು: 'ರಾಚೋಟಿ', ಕೆಂಪು.
'ಗೌಸ'ಗ ಕಾಲೇಜು ಹುಡಿಗ್ಯಾರ ನೀಲಿ.
'ಮಲ್ಲ'ಗ ಮದಿಮಗಳ ಮರೂನು.
ಈ ಮೀಸಿ ಮುದುಕರು ಎದ್ದು ಬಂದು ನೋಡಿದರ
ಅಂತ ಒಬ್ಬಾಕಿನ ನಕ್ಕೆ.

ಎಲ್ಲಾದರಾಗೂ ಒಂದ ಕಡೆ ತೇದೈತಿ,
ಹೆಸರಿನ ಮೊದಲ ಅಕ್ಷರ.
ಅಜ್ಜನ ಹೆಬ್ಬೆಟ್ಟು ಕೂಡೂ ಜಾಗ.
ಹತ್ತನೇದು ಹಂಗಿಲ್ಲ.
ಅದರಾಗ ಶುರು ಐತಿ, ಕಡೀದು ಸವದೈತಿ.
ತಿರುವಿ ತಿರುವಿ ನೋಡಿದೆ.
ಬಲಗೈಲೆ ಹಿಡದೆ, ಕೂಡಲಿಲ್ಲ.
ಎಡಗೈಲೆ ಹಿಡದೆ.
ಕೂತಿತು.

ಸಣ್ಣಜ್ಜ ಬಾಳಪ್ಪ ಎಡಚ.
ಮನ್ಯಾಗ ಅಂವನ ಸುದ್ದಿ ಬರೇ ಇಷ್ಟ:
ಎಡಗೈ ಯಾರು ಗಲ್ಲಕ್ಕ ಹಚ್ಚಿಸಿಕೋತಾರ?
ಕೂದಲಾ ಗುಡಿಸಿದ, ನೀರು ಕಾಸಿದ, ಕತ್ತಿ ಮಸದ.
ಗಿರಾಕಿ ಮುಖಾ ಮುಟ್ಟಲಿಲ್ಲ ಕಡೀತನಕಾ,
ಅಂತಿದ್ದಳು ಆಯಿ, ಅಕ್ಕಿ ಆರಿಸಿಕೋತ.

ಯಾರೋ ಒಬ್ಬಾಂವ ಒಪ್ಪಿದ್ದ.
ಒಂದೆರಡು ಸಲ ಅಲ್ಲ.
ಬೇಕಲೈಟು ಸವೀಬೇಕಂದರ ವರ್ಷಗಟ್ಟಲೆ ಬೇಕು;
ಅಜ್ಜ ಚಾ ಕುಡ್ಯಾಕ ಹೋದ ಹೊತ್ತು ಇರಬೇಕು,
ಹಲಗಿ ಬಾಗಿಲು ಇನ್ನೂ ಅರ್ಧ ಹಾಕಿದ್ದು,
ಕುತ್ತಿಗಿ ಮ್ಯಾಲೆತ್ತಿ, ಕಣ್ಣು ಮುಚ್ಚಿ
ಕೂತಾನ ಅಂವ.

'ವಿ' ಐತಿ. 'ರೂ' ಐತಿ. ಮುಂದ ಸಪಾಟ.
ವಿರೂಪಾಕ್ಷಪ್ಪ? ವಿರೂಪಣ್ಣ?
ಬಿಟ್ಟ ಜಾಗ ನೋಡಿದರ ಉಳಿದವರಂಗ ಗಿಡ್ಡ ಮಾಡಿಲ್ಲ,
ಆಣೆ ಲೆಕ್ಕ ಹಾಕದ ಪೂರ್ತಿ ಕೊರಿಸ್ಯಾನ.

ಬಣ್ಣ ಸುರದೆ. ಒರಸಿದೆ.
ವಿ ನಿಂತಿತು. ರೂ ನಿಂತಿತು.
ಮುಂದಿಂದು ಅರಿವಿಗೆ ಬಂತು.
ಇನ್ನೊಮ್ಮೆ ಸುರದೆ, ಈ ಸಲ ಗಟ್ಟಿ,
ಫ್ಯಾನ್ ಬಂದ್ ಮಾಡಿ ಕಾದೆ.
ಮತ್ತ ಅರಿವಿಗೆ ಬಂತು.

ಸೂಜಿ ಕೈಯಾಗ ಇತ್ತು. ಮೂರಕ್ಷರ, ಏನ್ ದೊಡ್ಡ ಮಾತಲ್ಲ.
ಯಾವ ಮೂರು?

ಹೊರಗ ಮೊಸರಿನಾಕಿ ಕೂಗಿದಳು.
ಬಲಗೈಲೆ ಚಿಲಕ ತೆಗದೆ, ಬಲಗೈಲೆ ರೊಕ್ಕಾ ಕೊಟ್ಟೆ.
ಗಡಿಗಿ ಹಿಡಿ, ಅಂದಳು, ಎರಡೂ ಕೈಲೆ.
ತಡೀಬೇ, ಅಂದೆ,
ಎಡಗೈಯಾಗ ಇರೂದು
ಇನ್ನಾ ಆರಿಲ್ಲ.