ಕೆಂಪು ಬಾವುಟದ ಅಂಗಿ

ಡಿಸೆಂಬರ್ ಎಂಟಕ್ಕೆ ರಾಗಿ ನೆನೆಹಾಕಬೇಕು.
ಹತ್ತಕ್ಕೆ ಕರಟದಲ್ಲಿ ಮಣ್ಣು ತುಂಬಿ ಬಿತ್ತಬೇಕು.
ತಪ್ಪಿದರೆ ಗೋದಲಿಯ ಕುರಿಗಳಿಗೆ ಹುಲ್ಲಿಲ್ಲ.
ಇದು ಬೈಬಲಿನಲ್ಲಿ ಇಲ್ಲ.
ಅರಸೀಕೆರೆ ರೈಲ್ವೆ ಕಾಲೊನಿಯ ಹಿಂದೆ, ನಮ್ಮ ಚರ್ಚಿನ
ಮಕ್ಕಳ ಕ್ಲಾಸಿನ ಕಪ್ಪುಹಲಗೆಯ ಮೂಲೆಯಲ್ಲಿ
ಚೌರಪ್ಪ ಬರೆದಿಟ್ಟದ್ದು, ಆಯಿಲ್ ಪೇಂಟಿನಲ್ಲಿ,
ಯಾವ ಟೀಚರೂ ಒರೆಸಬಾರದೆಂದು.

ಹಳಿ ಬಡಿದು ಸದ್ದು ಕೇಳುವ ಗ್ಯಾಂಗ್‌ಮನ್ ಅವರು.
ಮೂವತ್ತೊಂದು ವರ್ಷ ನಮ್ಮ ಕ್ರಿಸ್ಮಸ್ ತಾತ.
ಗಡ್ಡ ಬೂರುಗದ ಹತ್ತಿಯದು.
ಅಂಗಿ, ಬಣ್ಣ ಮಾಸಿದ ಕೆಂಪು ಬಾವುಟಗಳನ್ನು
ಕೂಡಿಸಿ ಹೊಲಿದದ್ದು; ಬೆನ್ನ ಮೇಲೆ ಈಗಲೂ
ಅಂಗೈಯಗಲ ಗ್ರೀಸಿನ ಕಲೆ.
ಕೆಂಪು ಕಂಡರೆ ರೈಲೇ ನಿಲ್ಲುತ್ತೆ ಅನ್ನುತ್ತಿದ್ದರು.
ನಾವು ಮಾತ್ರ ಕೆಂಪು ಕಂಡರೆ ಓಡಿಬರುತ್ತಿದ್ದೆವು.

ನಶ್ಯದ ಚಟ. ಸೀನಿದರೆ ಗಡ್ಡ ಒಂದು ಗೇಣು ಮೇಲೆ.
ಎಲ್ಲರಿಗೂ ಗೊತ್ತಿತ್ತು. ಯಾರೂ ಹೇಳುತ್ತಿರಲಿಲ್ಲ.
ಆರು ವರ್ಷದವಳು ನಾನೊಮ್ಮೆ ಕೂಗಿಬಿಟ್ಟೆ:
"ಚೌರಪ್ಪ ಮಾಮ!"
ತಾತ ಬಗ್ಗಿ ಕಿವಿಯಲ್ಲಿ,
"ಶ್! ಅವನು ನನಗೂ ಗುರುತು.
ಪಾಪ, ಡ್ಯೂಟಿಯಲ್ಲಿದ್ದಾನೆ."

ಈ ಆಗಸ್ಟಿನಲ್ಲಿ ಅವರನ್ನು ಮಣ್ಣು ಮಾಡಿ ಬಂದೆವು.

ನವೆಂಬರಿನ ಸಭೆಯಲ್ಲಿ ಕಾರ್ಯದರ್ಶಿ ಫೆಲಿಕ್ಸ್
ಲೆಕ್ಕದ ಪುಸ್ತಕ ಬಿಚ್ಚಿದ.
ಹಾಸನದಲ್ಲಿ ತಾತ ಬಾಡಿಗೆಗೆ ಸಿಗುತ್ತಾನಂತೆ,
ಗಂಟೆಗೆ ಎರಡೂವರೆ ಸಾವಿರ, ಡ್ಯಾನ್ಸೂ ಬರುತ್ತೆ.
ಪ್ಲಾಸ್ಟಿಕ್ ಹುಲ್ಲು ಮೀಟರ್ ಲೆಕ್ಕ, ಹತ್ತು ವರ್ಷ ಬಾಳಿಕೆ.
ಹೊಸ ಫಾದರ್ ಕನ್ನಡಕ ಒರೆಸಿಕೊಂಡರು.
ಕಿವಿ ಮಂದವಾದ ಜ್ಞಾನಮ್ಮ, ಕೊನೆಯ ಬೆಂಚಿನಿಂದ,
"ಬಾಳಿಕೆ ಕಟ್ಟಿಕೊಂಡು ಏನು ಮಾಡ್ಲಿ?
ಮೂರು ರಾಯರ ಹಬ್ಬ ಕಳೆದ ಮೇಲೆ
ನನ್ನ ಹಸು ಏನು ತಿನ್ನಬೇಕು?"

ಹಾಗಾಗಿ ರಾಗಿ ಬಿತ್ತಿದೆವು.
ಒಬ್ಬನ ಕರಟ ಇಲಿ ತಿಂದಿತು.
ಒಬ್ಬಳು ಬೇಗ ಬೆಳೆಯಲಿ ಎಂದು ಬೂಸ್ಟ್ ಹಾಕಿದಳು, ಇರುವೆ ಬೆಳೆಯಿತು.
ಕಾಲು ಮುರಿದ ಒಂಟೆಯ ಜಾಗಕ್ಕೆ
ಡಿಯೋನ್ ತನ್ನ ಡೈನೋಸಾರ್ ತಂದ.
ಫಾದರ್ ಅದನ್ನು ಎತ್ತಿ ನೋಡಿ, ಸುಮ್ಮನೆ
ಬಾಲಯೇಸುವಿನ ಕಡೆಗೆ ಮುಖ ತಿರುಗಿಸಿ ಇಟ್ಟರು.

ಅಂಗಿ ಯಾರಿಗೂ ಆಗಲಿಲ್ಲ. ನನಗೆ ಆಯಿತು.
ಬಳೆ ಕಳಚಿದೆ. ಜಡೆ ಟೋಪಿಯೊಳಗೆ ಸುತ್ತಿದೆ.
ಮೂಗುತಿಯ ತಿರುಪು ಬಿಗಿದುಕೊಂಡಿತ್ತು,
ಎಣ್ಣೆ ಹಚ್ಚಿದರೂ ಬರಲಿಲ್ಲ.
ಇರಲಿ, ಕತ್ತಲಲ್ಲವೇ.

ಕಾಯಿ ಹೊರುವ ರಹಮತ್ತನ ಲಗೇಜ್ ಆಟೋ ನಮ್ಮ ಸಾರೋಟು.
ಹಿಂದೆ ತಮಟೆ, ಮುಂದೆ ಕಾಗದದ ನಕ್ಷತ್ರ.
ಏಳನೇ ಮನೆಯ ಟ್ಯೂಬ್‌ಲೈಟಿನ ಕೆಳಗೆ
ಡಿಯೋನ್ ನನ್ನ ಮಡಿಲಲ್ಲಿ ಪೆಪ್ಪರಮಿಂಟು ಚೀಪುತ್ತಾ
ಮೇಲೆ ನೋಡಿದ.
"ತಾತಂಗೆ ಮೂಗುತಿ!"

ತಮಟೆ ನಿಂತಿತು.
ಸ್ಟೇಷನ್ನಿನಲ್ಲಿ ಯಾವುದೋ ರೈಲು ತಡವೆಂದು
ಮೂರು ಭಾಷೆಯಲ್ಲಿ ಹೇಳುತ್ತಿದ್ದುದು
ಕೊನೆಯ ಅಕ್ಷರದವರೆಗೂ ಕೇಳಿಸಿತು.

ಆಗ ಜೋವಿತಾ.
ಹೋದ ವರ್ಷ ಇದೇ ರಾತ್ರಿ, ಎಲ್ಲ ಸುಳ್ಳು,
ತಾತನೇ ಇಲ್ಲ, ನೀವೆಲ್ಲ ಮೋಸಗಾರರು ಎಂದು
ಮಣೆ ಒದ್ದು ಅತ್ತವಳು. ಈಗ ಹನ್ನೊಂದು ವರ್ಷ.
ಮಂಡಿಯೂರಿ ಅವನಿಗೆ ಹೇಳಿದಳು:
"ಅದು ಮೂಗುತಿ ಅಲ್ವೋ, ಸಿಗ್ನಲ್ ಲೈಟು.
ಕತ್ತಲಲ್ಲಿ ಹಳಿ ದಾಟುವಾಗ
ರೈಲು ಗುದ್ದಬಾರದಲ್ಲ, ಅದಕ್ಕೆ."
ನನ್ನತ್ತ ನೋಡಿದಳು. ನಗಲಿಲ್ಲ.
ಡ್ಯೂಟಿಯಲ್ಲಿದ್ದಳು.

ಪೀಪಿ ಊದಲೆಂದು ಜೇಬಿಗೆ ಕೈ ಹಾಕಿದೆ.
ಹೊಲಿಗೆಯ ಸಂದಿಯಲ್ಲಿ ಇನ್ನೂ ಉಳಿದಿತ್ತೇನೋ ನಶ್ಯ.
ಎಂಥ ಸೀನು ಬಂತೆಂದರೆ
ಗಡ್ಡ ಕಿತ್ತು ಚರಂಡಿ ದಾಟಿ ಹಾರಿತು.

ಇಪ್ಪತ್ತಮೂರು ಮಕ್ಕಳು ಅದರ ಹಿಂದೆ ಓಡಿದರು,
ಒಬ್ಬರಾದರೂ ತಿರುಗಿ
ನನ್ನ ಮುಖ ನೋಡದೆ.